ಕೊಳ್ಳದವರಿಗೂ ತೆರೆದ ಅಂಗಳ: ಕೃಷಿ ಮೇಳದ ಯಂತ್ರಗಳು ಮತ್ತು ನಮ್ಮ ನಾಲ್ಕು ತಾಲೂಕು

ಸೆಪ್ಟೆಂಬರ್ ಎಂದರೆ ನಮ್ಮ ಭಾಗದಲ್ಲಿ ಎರಡು ಬೆಳೆಗಳ ನಡುವಿನ ಬಿಡುವು. ಹೆಸರು ಬಿಡಿಸಿ, ಒಕ್ಕಿ, ಮಾರಿ ಆಗಿರುತ್ತದೆ. ಸೋಯಾಬೀನ್ ಇನ್ನೂ ಹೊಲದಲ್ಲಿರುತ್ತದೆ. ಕಡಲೆ, ಬಿಳಿಜೋಳದ ಬಿತ್ತಿಗೆಗೆ ಎರೆ ಹೊಲವನ್ನು ಹರಗಿ, ಹದ ಬರಲಿ ಎಂದು ರೈತ ಮೋಡ ನೋಡುತ್ತ ಕೂತಿರುತ್ತಾನೆ. ಕೈಯಲ್ಲಿ ಹೆಸರಿನ ರೊಕ್ಕ ಸ್ವಲ್ಪ ಇರುತ್ತದೆ, ಸಮಯ ಅದಕ್ಕಿಂತ ಹೆಚ್ಚಿರುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ತನ್ನ ಕೃಷಿ ಮೇಳವನ್ನು ಸಾಮಾನ್ಯವಾಗಿ ಈ ಬಿಡುವಿನಲ್ಲೇ ನಡೆಸುತ್ತ ಬಂದಿದೆ. ಕಿತ್ತೂರಿನವರಿಗೆ ಧಾರವಾಡ ಹೆದ್ದಾರಿಯ ಮೇಲೆ ಅರ್ಧ ತಾಸಿನ ದಾರಿ. ಬೈಲಹೊಂಗಲ, ಸವದತ್ತಿಯವರು ಮುಂಜಾನೆ ರೊಟ್ಟಿ ಕಟ್ಟಿಕೊಂಡು ಹೊರಟರೆ ಹೊತ್ತು ಏರುವಷ್ಟರಲ್ಲಿ ಯತ್ತಿನಗುಡ್ಡದ ಆವರಣದಲ್ಲಿರುತ್ತಾರೆ. ರಾಮದುರ್ಗದವರಿಗೆ ಮಾತ್ರ ದಾರಿ ದೂರ. ಅವರು ಟೆಂಪೊ ಮಾಡಿಕೊಂಡು, ಊರಿಗೆ ಊರೇ ಕೂಡಿ ಬರುತ್ತಾರೆ.

ಮೇಳಕ್ಕೆ ಬರಲು ಪ್ರತಿಯೊಬ್ಬರಿಗೂ ಒಂದು ನೆಪ ಇರುತ್ತದೆ. ಹಿರಿಯರಿಗೆ ಹಿಂಗಾರಿ ಬೀಜ: ಕಡಲೆಯಲ್ಲಿ ಜೆಜಿ 11, ಬಿಜಿಡಿ 103, ಜೋಳದಲ್ಲಿ ಎಂ 35-1. ಹೆಣ್ಣುಮಕ್ಕಳಿಗೆ ಫಲಪುಷ್ಪ ಪ್ರದರ್ಶನ. ಹುಡುಗರಿಗೆ ‘ವಿಸ್ಮಯಕಾರಿ ಕೀಟ ಪ್ರಪಂಚ’, ಅದರ ಮುಂದಿನ ಸರದಿ ಯಾವಾಗಲೂ ಉದ್ದ. ಆದರೆ ಯಾವ ನೆಪದಿಂದ ಬಂದವರೂ ಕೊನೆಗೆ ಬಂದು ನಿಲ್ಲುವುದು ಟ್ರ್ಯಾಕ್ಟರುಗಳ ಸಾಲಿನಲ್ಲಿ. ದಿಲ್ಲಿಯವರಿಗೆ ಆಟೊ ಎಕ್ಸ್‌ಪೊ ಹೇಗೋ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಜನರಿಗೆ ಕೃಷಿ ಮೇಳದ ಯಂತ್ರದ ಅಂಗಳ ಹಾಗೆ. ವಿಶ್ವವಿದ್ಯಾಲಯಕ್ಕೆ 2026ರ ಅಕ್ಟೋಬರ್ 1ಕ್ಕೆ ನಲವತ್ತು ತುಂಬುತ್ತದೆ. ಈ ಹೊತ್ತಿನಲ್ಲಿ ಅದರ ತಳಿಗಳ ಬಗ್ಗೆ, ಸಂಶೋಧನೆಯ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಯಂತ್ರದ ಅಂಗಳದ ಬಗ್ಗೆ ಬರೆಯುವವರು ಕಡಿಮೆ. ಆದ್ದರಿಂದ ಈ ಲೇಖನ.

ಈ ಅಂಗಳದ ಚರಿತ್ರೆಯನ್ನು ವಿಶ್ವವಿದ್ಯಾಲಯದಿಂದ ಶುರು ಮಾಡುವುದು ಸುಲಭ. ನಾನು ಅದನ್ನು ಸವದತ್ತಿಯ ಮಗ್ಗುಲಿನ ಗುರ್ಲಹೊಸೂರಿನಿಂದ ಶುರು ಮಾಡುತ್ತೇನೆ. 1869ರ ಜೂನ್ 20ರಂದು ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಅಲ್ಲಿ. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಕೂಡ ಅದೇ ಊರಿನವರು. ಒಂದು ಸಣ್ಣ ಊರು ನಾಟಕಕ್ಕೊಬ್ಬರನ್ನು, ಯಂತ್ರಕ್ಕೊಬ್ಬರನ್ನು ಕೊಟ್ಟಿತು ಎಂಬುದನ್ನು ನಮ್ಮ ಕಡೆಯವರು ಇನ್ನೂ ಸರಿಯಾಗಿ ಜಂಬಪಟ್ಟು ಹೇಳಿಕೊಂಡಿಲ್ಲ. ಲಕ್ಷ್ಮಣರಾವ್ ಚಿತ್ರಕಲೆ ಕಲಿಯಲು ಮುಂಬಯಿಯ ಜೆ.ಜೆ. ಕಲಾಶಾಲೆಗೆ ಹೋದರು. ಬಣ್ಣಗಳನ್ನು ಗುರುತಿಸುವುದರಲ್ಲಿ ಕಣ್ಣಿಗೆ ದೋಷವಿದೆ ಎಂದು ಗೊತ್ತಾಗಿ ಯಂತ್ರಗಳ ನಕ್ಷೆಯ ಕಡೆಗೆ ತಿರುಗಿದರು, ಆಮೇಲೆ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸಿದರು. ಬಡ್ತಿ ಸಿಗದೆ ಕೆಲಸ ಬಿಟ್ಟು ಬೆಳಗಾವಿಗೆ ಬಂದು ಸೈಕಲ್ ವ್ಯಾಪಾರಕ್ಕೆ ಕೂತರು. ಸೈಕಲ್ ಮಾರುತ್ತ, ಅದನ್ನು ಹತ್ತುವುದನ್ನೂ ಕಲಿಸುತ್ತ ಇದ್ದ ಆ ಅಂಗಡಿಯೇ, ನನ್ನ ಲೆಕ್ಕದಲ್ಲಿ, ಬೆಳಗಾವಿ ಜಿಲ್ಲೆಯ ಮೊದಲ ವಾಹನ ಪ್ರದರ್ಶನ.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಆಮೇಲಿನ ಭಾಗ. ಮೇವು ಕತ್ತರಿಸುವ ಯಂತ್ರ ಮಾಡಿದ ಮೇಲೆ ಕಿರ್ಲೋಸ್ಕರ್ ಕಬ್ಬಿಣದ ನೇಗಿಲಿಗೆ ಕೈ ಹಾಕಿದರು. ನೇಗಿಲು ತಯಾರಾಯಿತು, ಕೊಳ್ಳುವವರಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ನಂಬಿದ್ದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ರೈತರ ಮೌಢ್ಯಕ್ಕೆ ನಗುತ್ತಾರೆ. ನಗುವ ಮೊದಲು ರೈತನ ಕಡೆಯಿಂದಲೂ ಒಮ್ಮೆ ನೋಡಬೇಕು. ಮರದ ನೇಗಿಲು ಮುರಿದರೆ ಊರ ಬಡಿಗ ಇದ್ದ, ಅವನಿಗೆ ಸುಗ್ಗಿಯಲ್ಲಿ ಆಯ ಕೊಟ್ಟರೆ ಸಾಕಿತ್ತು. ಕಬ್ಬಿಣದ್ದು ಮುರಿದರೆ ಯಾರ ಬಳಿ ಹೋಗುವುದು, ರೊಕ್ಕ ಎಲ್ಲಿಂದ ತರುವುದು? ವಿಷದ ಮಾತಿನ ಹಿಂದೆ ಈ ಲೆಕ್ಕವೂ ಇದ್ದಿರಬೇಕು. ಇವತ್ತು ಟ್ರ್ಯಾಕ್ಟರ್ ಮಳಿಗೆಯಲ್ಲಿ ನಿಂತ ರೈತ ಮಾರುವ ಹುಡುಗನ ಮಾತನ್ನೆಲ್ಲ ಕೇಳಿ, ಕಟ್ಟಕಡೆಗೆ ‘ಸ್ಪೇರ್ ಎಲ್ಲಿ ಸಿಗತಾವ್ರಿ?’ ಎಂದು ಕೇಳುವುದೂ ಅದೇ ಲೆಕ್ಕ. ನೂರಿಪ್ಪತ್ತು ವರ್ಷವಾದರೂ ಆ ಪ್ರಶ್ನೆ ಹಳೆಯದಾಗಿಲ್ಲ.

ಬೆಳಗಾವಿಯಲ್ಲಿ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ರಾಜರು ನೆಲೆ ಕೊಟ್ಟರು. 1910ರಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು, ಕಾರ್ಖಾನೆ ಗಡಿಯಾಚೆ ಹೋಯಿತು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾದಾಗ ಆ ಹೆಸರು ಕನ್ನಡ ನಾಡಿಗೆ ತಿರುಗಿ ಬಂತು. ಅಷ್ಟು ಹೊತ್ತಿಗೆ ಕಬ್ಬಿಣದ ನೇಗಿಲು ನಮ್ಮ ಎರೆ ಹೊಲಗಳಲ್ಲಿ ಮನೆಮಾತಾಗಿತ್ತು. ಕರಿಕೆ ಬೇರು ಕಿತ್ತು ತೆಗೆಯಬೇಕಾದರೆ ಜೋಡಿ ಮೇಲೆ ಜೋಡಿ ಎತ್ತು ಹೂಡಿ ಆ ನೇಗಿಲು ಹೊಡೆಯುತ್ತಿದ್ದರು. ಯಾರ ಮನೆಯಲ್ಲೂ ಅಷ್ಟು ಎತ್ತು ಇರುತ್ತಿರಲಿಲ್ಲ, ಓಣಿಯವರೆಲ್ಲ ಮುಯ್ಯಿ ಮೇಲೆ ಎತ್ತು ಕೂಡಿಸುತ್ತಿದ್ದರು.

ಆ ಎತ್ತುಗಳನ್ನು ಜನ ನೋಡುತ್ತಿದ್ದದ್ದು, ಅಳೆಯುತ್ತಿದ್ದದ್ದು, ಕೊಳ್ಳುತ್ತಿದ್ದದ್ದು ಜಾತ್ರೆ, ಸಂತೆಗಳಲ್ಲಿ. ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಬರುವ ಚಕ್ಕಡಿಗಳ ಸಾಲನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಂಬಿಗೆ ಬಣ್ಣ, ಮೈಮೇಲೆ ಜೂಲ, ಕೊರಳಲ್ಲಿ ಗೆಜ್ಜೆಸರ, ಚಕ್ಕಡಿಗೆ ಸವಾರಿ ಕಟ್ಟಿ ಬರುವವರು ದೇವಿಯ ಭಕ್ತರು ನಿಜ. ಆದರೆ ದಾರಿಯುದ್ದಕ್ಕೂ ನಿಂತು ನೋಡುವ ಗಂಡಸರ ಕಣ್ಣು ಎತ್ತಿನ ಹಿಣಿಲಿನ ಮೇಲೆ, ಕಾಲಿನ ಗೊರಸಿನ ಮೇಲೆ. ರಾಮದುರ್ಗ ತಾಲೂಕಿನ ಗೊಡಚಿಯ ವೀರಭದ್ರನ ಜಾತ್ರೆಗೂ ಜನ ಬಾರೆಹಣ್ಣು, ಬಾಳೆಹಣ್ಣು ಕೊಂಡು ತುಂಬಿಕೊಂಡು ಬರಲು ಚಕ್ಕಡಿ ಹೂಡಿಕೊಂಡು ಹೋಗುತ್ತಿದ್ದರು. ಪರರ ಎತ್ತು, ಪರರ ಬಂಡಿಯನ್ನು ಪುಕ್ಕಟೆಯಾಗಿ ನೋಡಿ ಅಳೆಯುವ ರೂಢಿ ಜನಕ್ಕೆ ಹೀಗೆ ಬಂತು. ಕೃಷಿ ಮೇಳ ಆ ರೂಢಿಗೆ ಒಂದು ಹೊಸ ಅಂಗಳ ಒದಗಿಸಿತು.

ಸಂಸ್ಥೆಯ ಕತೆ ಚಿಕ್ಕದಾಗಿ ಹೇಳಬಹುದು. ಧಾರವಾಡದ ಕೃಷಿ ಕಾಲೇಜು ಆರಂಭವಾದದ್ದು 1947ರಲ್ಲಿ, ಮುಂಬಯಿ ಪ್ರಾಂತದ ಕಾಲಕ್ಕೆ. ಆಮೇಲೆ ಅದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಅಂಗವಾಯಿತು, 1986ರ ಅಕ್ಟೋಬರ್ 1ರಂದು ಧಾರವಾಡಕ್ಕೇ ಬೇರೆ ವಿಶ್ವವಿದ್ಯಾಲಯ ಬಂತು. ಮೊದಲು ಉತ್ತರ ಕರ್ನಾಟಕವೆಲ್ಲ ಅದರ ವ್ಯಾಪ್ತಿಯಲ್ಲಿತ್ತು. ರಾಯಚೂರಿಗೆ ಪ್ರತ್ಯೇಕ ವಿಶ್ವವಿದ್ಯಾಲಯವಾದ ಮೇಲೆ ಬೆಳಗಾವಿ, ವಿಜಯಪುರ, ಬಾಗಲಕೋಟೆ, ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಉಳಿದವು. ನಮ್ಮ ಕಡೆಯ ರೈತರಿಗೆ ಈ ಸಂಸ್ಥೆಯ ಪರಿಚಯ ಯಂತ್ರದಿಂದ ಆದದ್ದಲ್ಲ, ಹತ್ತಿಯಿಂದ. 1970ರ ದಶಕದಲ್ಲಿ ಬಿ.ಎಚ್. ಕಟರಕಿ ಅವರು ಧಾರವಾಡದಲ್ಲಿ ಬೆಳೆಸಿದ ವರಲಕ್ಷ್ಮಿ, ಅದರ ಹಿಂದೆಯೇ ಬಂದ ಡಿಸಿಎಚ್ 32 ಬೈಲಹೊಂಗಲದಂಥ ಹತ್ತಿಯ ಪೇಟೆಗಳಿಗೆ ಹೊಸ ಕಳೆ ತಂದವು. ಧಾರವಾಡದವರು ಹೇಳಿದ್ದು ಹೊಲದಲ್ಲಿ ನಿಜವಾಗುತ್ತದೆ ಎಂಬ ಭರವಸೆ ಹುಟ್ಟಿದ್ದು ಆಗ. ಮೇಳಕ್ಕೆ ಜನ ಬರುವುದರಲ್ಲಿ ಆ ಹಳೆಯ ಭರವಸೆಯ ಪಾಲು ದೊಡ್ಡದು.

ಹತ್ತಿಯ ಜಾಗಕ್ಕೆ ಕಬ್ಬು ಬಂದಾಗ ಯಂತ್ರದ ಅಂಗಳ ಬೆಳೆಯಿತು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟೆ ಬಿದ್ದು ರೇಣುಕಾಸಾಗರ ತುಂಬಿದ್ದು 1970ರ ದಶಕದಲ್ಲಿ. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ, ಮುನವಳ್ಳಿಯ ರೇಣುಕಾ ಶುಗರ್ಸ್, ರಾಮದುರ್ಗದ ಕಡೆ ಉದಪುಡಿಯ ಕಾರ್ಖಾನೆ, ಹೀಗೆ ಗಾಣಗಳು ಒಂದೊಂದಾಗಿ ಎದ್ದವು. ಕಬ್ಬು ಕಡಿದ ಮೇಲೆ ತಡ ಮಾಡುವಂತಿಲ್ಲ, ಒಣಗಿದಷ್ಟು ತೂಕ ಇಳಿಯುತ್ತದೆ. ಎತ್ತಿನ ಗಾಡಿಗೆ ಆ ಓಟ ಸಾಗಲಿಲ್ಲ. ಟ್ರ್ಯಾಕ್ಟರ್ ಬಂತು, ಅದರ ಹಿಂದೆ ಒಂದಲ್ಲ ಎರಡು ಡಬ್ಬಿ ಬಂದವು. ದೇಶದ ಬೇರೆ ಕಡೆ ಟ್ರ್ಯಾಕ್ಟರ್ ಎಂದರೆ ಉಳುವ ಯಂತ್ರ, ನಮ್ಮ ಕಡೆ ಅದು ಮುಖ್ಯವಾಗಿ ಎಳೆಯುವ ಯಂತ್ರ. ಮೇಳದಲ್ಲಿ ಬೆಳಗಾವಿ ಜಿಲ್ಲೆಯವರನ್ನು ಗುರುತಿಸುವುದಕ್ಕೆ ಇದೊಂದು ಸಾಕು: ಎಷ್ಟು ಎಕರೆ ಉಳುತ್ತದೆ ಎಂದು ಅವರು ಕೇಳುವುದಿಲ್ಲ, ‘ಎರಡ್ ಡಬ್ಬಿ ಜಗ್ಗತೈತಿಲ್ರಿ?’ ಎನ್ನುತ್ತಾರೆ.

ಅಂಗಳದಲ್ಲಿ ನಿಂತು ನೋಡಿದರೆ ಇನ್ನೂ ಕೆಲವು ಸಂಗತಿ ಕಾಣುತ್ತವೆ. ಕಂಪನಿಯವರು ಟ್ರ್ಯಾಕ್ಟರಿನ ಮೂತಿ ಜನರ ಕಡೆ ಮಾಡಿ ನಿಲ್ಲಿಸಿರುತ್ತಾರೆ, ಬಾನೆಟ್ಟಿಗೆ ಹಾರ, ಹೊಸ ದೀಪ, ಬದಿಯಲ್ಲಿ ಧ್ವನಿವರ್ಧಕ. ಹುಡುಗರು ಆ ಮುಂಭಾಗದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಯಜಮಾನರು ಮಾತ್ರ ಸುತ್ತು ಹಾಕಿ ಹಿಂದಕ್ಕೆ ಹೋಗುತ್ತಾರೆ. ಧೋತರದ ಚುಂಗು ಎತ್ತಿ ಸಿಕ್ಕಿಸಿಕೊಂಡು ಕುಕ್ಕರುಗಾಲಲ್ಲಿ ಕೂತು, ಹಿಚ್ಚಿನ ತೂತಿಗೆ ಬೆರಳು ಹಾಕಿ ನೋಡುತ್ತಾರೆ, ಅದು ಎಷ್ಟು ದಪ್ಪ, ಸವೆದರೆ ಬುಷ್ ಹಾಕಲು ಬರುತ್ತದೆಯೇ ಎಂದು. ಇಂಜಿನ್ನಿನ ಅಡಿಗೆ ಅಂಗೈ ಇಟ್ಟು ಎಣ್ಣೆ ಸೋರಿದೆಯೇ ಎಂದು ಒರೆಸಿ ನೋಡುತ್ತಾರೆ. ಹೊಸದು ಸೋರುವುದಿಲ್ಲ ಎಂದು ಅವರಿಗೂ ಗೊತ್ತು. ಪಲ್ಟಿ ನೇಗಿಲಿನ ಹತ್ತಿರ ಬೆಸುಗೆಯ ಗೆರೆಯನ್ನು ಉಗುರಿನಿಂದ ಕೆರೆಯುತ್ತಾರೆ, ಬಣ್ಣದ ಕೆಳಗೆ ಏನಿದೆ ನೋಡಲಿಕ್ಕೆ. ಇಷ್ಟಾದ ಮೇಲೆ ಎದ್ದು, ಪಕ್ಕದ ಮಳಿಗೆಗೆ ಹೋಗಿ, ಅಲ್ಲೂ ಅದೇ ಜಾಗದಲ್ಲಿ ಕೂತು, ಅದೇ ತೂತಿಗೆ ಬೆರಳು ಹಾಕುತ್ತಾರೆ.

ಈ ಎರಡನೆಯ ಬೆರಳಿಗಾಗಿಯೇ ಮೇಳ ಬೇಕು. ಬೈಲಹೊಂಗಲದ ಪೇಟೆಯಲ್ಲಿ ಶೋರೂಮುಗಳಿಗೆ ಈಗ ಕೊರತೆ ಇಲ್ಲ. ಆದರೆ ಶೋರೂಮಿನ ಬಾಗಿಲು ದಾಟಿದವನು ಗಿರಾಕಿ. ಕುರ್ಚಿ ಹಾಕುತ್ತಾರೆ, ಚಹಾ ತರಿಸುತ್ತಾರೆ, ಉತಾರ ಎಷ್ಟು ಎಕರೆ ಎಂದು ಕೇಳುತ್ತಾರೆ. ಚಹಾ ಕುಡಿದು ಏನೂ ಕೊಳ್ಳದೆ ಎದ್ದು ಬರುವುದು ನಮ್ಮ ಜನರಿಗೆ ಬಲು ಸಂಕೋಚದ ಕೆಲಸ. ಎರಡು ಎಕರೆಯವನು ಆ ಬಾಗಿಲಿಗೆ ಹೋಗುವುದೇ ಇಲ್ಲ. ಮೇಳದಲ್ಲಿ ಅವನೂ ಐವತ್ತು ಅಶ್ವಶಕ್ತಿಯ ಇಂಜಿನ್ ಹತ್ತಿ ಕೂರಬಹುದು, ಕ್ಲಚ್ ಒತ್ತಿ ನೋಡಬಹುದು, ‘ಆಗಲ್ರಿ, ವಿಚಾರ ಮಾಡಿ ಹೇಳತೀವಿ’ ಎಂದು ಇಳಿಯಬಹುದು. ಮರುದಿನ ಬಾಡಿಗೆಗೆ ಟ್ರ್ಯಾಕ್ಟರ್ ಕರೆಸುವಾಗ ಅವನ ಮಾತಿಗೆ ತೂಕ ಬಂದಿರುತ್ತದೆ: ರೋಟರ್ ಎಷ್ಟು ಆಳ ಇಳಿಯಬೇಕು, ತಾಸಿಗೆ ಎಷ್ಟು ಡೀಸೆಲ್ ಕುಡಿಯುತ್ತದೆ, ಬಾಡಿಗೆ ಎಷ್ಟು ನ್ಯಾಯ ಎಂದು ಅವನಿಗೆ ತಿಳಿದಿರುತ್ತದೆ. ಮೇಳದ ಈ ಲಾಭವನ್ನು ಯಾವ ಮಳಿಗೆಯವನೂ ತನ್ನ ವಹಿಯಲ್ಲಿ ಬರೆದುಕೊಳ್ಳುವುದಿಲ್ಲ. ಅಂಗಳದ ಭವಿಷ್ಯಕ್ಕೆ ತೊಡಕಾಗಿರುವುದೂ ಇದೇ.

ಅಂಗಳ ದೊಡ್ಡ ಕಂಪನಿಗಳದ್ದಷ್ಟೇ ಅಲ್ಲ ಎಂಬುದನ್ನೂ ದಾಖಲಿಸಬೇಕು. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಬೀಜ-ಗೊಬ್ಬರ ಒಟ್ಟಿಗೆ ಬೀಳುವ ಕೂರಿಗೆಯಿಂದ ಹಿಡಿದು ಹುಣಸೆಹಣ್ಣಿನ ಬೀಜ ತೆಗೆಯುವ ಯಂತ್ರದವರೆಗೆ ಮಾಡಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರಂಥವರ ಯಂತ್ರ ನೋಡಿದ ನಮ್ಮ ಊರಿನ ವೆಲ್ಡಿಂಗ್ ಅಂಗಡಿಯವರು ಮೇಳದಿಂದ ಮರಳುವಾಗ ಕಿಸೆಯಲ್ಲಿ ಅಳತೆ ಬರೆದ ಚೀಟಿ ತರುತ್ತಾರೆ. ಕುಂಟೆಯ ಹಲ್ಲಿನ ನಡುವಿನ ಅಂತರ, ಕೂರಿಗೆಯ ತಾಳಿನ ಬಾಗು, ಎಲ್ಲ ಆ ಚೀಟಿಯಲ್ಲಿ. ಮುಂದಿನ ಮುಂಗಾರಿಗೆ ಅದೇ ಕೂರಿಗೆ, ನಮ್ಮ ಎರೆ ಮಣ್ಣಿಗೆ ಒಗ್ಗುವಂತೆ ಸ್ವಲ್ಪ ಬದಲಾಗಿ, ಕಡಿಮೆ ದರದಲ್ಲಿ ಊರಲ್ಲೇ ಸಿಗುತ್ತದೆ. ಕಾನೂನಿನ ಕಣ್ಣಿಗೆ ಇದೇನೋ, ನನ್ನ ಮಟ್ಟಿಗೆ ಮೇಳದ ವಿಸ್ತರಣಾ ಕಾರ್ಯದಲ್ಲಿ ಇದಕ್ಕಿಂತ ಫಲ ಕೊಟ್ಟದ್ದು ಕಡಿಮೆ.

ಮೇಳ ಊರಿನ ಕಡೆಯಿಂದಲೂ ಒಂದು ಪೈಪೋಟಿ ಎದುರಿಸುತ್ತಿದೆ. ಈಗೀಗ ನಮ್ಮ ಹಳ್ಳಿಗಳ ಜಾತ್ರೆಗಳಲ್ಲಿ ತೆರಬಂಡಿ, ಕಲ್ಲು ಜಗ್ಗುವ ಸ್ಪರ್ಧೆಗಳ ಸಾಲಿಗೆ ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆ ಸೇರಿದೆ. ಡಬ್ಬಿ ಕಟ್ಟಿದ ಟ್ರ್ಯಾಕ್ಟರನ್ನು ಹಿಂದಕ್ಕೆ, ಗೆರೆ ತಪ್ಪದೆ, ಯಾರು ಬೇಗ ಒಯ್ಯುತ್ತಾರೆ ಎಂಬುದು ಪಂದ್ಯ. ಕೇಳಿದರೆ ಸಣ್ಣದು ಅನಿಸುತ್ತದೆ. ನಾಲ್ಕು ಗಾಲಿಯ ಡಬ್ಬಿಯಲ್ಲಿ ಮುಂದಿನ ಅಚ್ಚು ತಾನೇ ತಿರುಗುತ್ತದೆ, ಹಿಚ್ಚಿನಲ್ಲಿ ಒಂದು ತಿರುವು, ಅಚ್ಚಿನಲ್ಲಿ ಇನ್ನೊಂದು ತಿರುವು. ಸ್ಟೇರಿಂಗ್ ಎಡಕ್ಕೆ ತಿರುವಿದರೆ ದಂಡ ಒಂದು ಕಡೆ ಹೋಗುತ್ತದೆ, ಡಬ್ಬಿ ಇನ್ನೊಂದು ಕಡೆ ಹೋಗುತ್ತದೆ. ಬಲ್ಲವನು ಕತ್ತು ಪೂರಾ ಹಿಂದಕ್ಕೆ ತಿರುಗಿಸಿ, ಒಂದೇ ಕೈಯಲ್ಲಿ ಚಕ್ರ ಹಿಡಿದು, ಡಬ್ಬಿ ವಾಲುವ ಮೊದಲೇ ಅದರ ಮನಸ್ಸು ತಿಳಿದು ಸರಿಪಡಿಸುತ್ತಿರುತ್ತಾನೆ. ಕಾರ್ಖಾನೆಯ ಯಾರ್ಡಿನಲ್ಲಿ ರಾತ್ರಿಯೆಲ್ಲ ಸರದಿಯಲ್ಲಿ ನಿಂತು ಕಲಿತ ವಿದ್ಯೆ ಅದು. ಹಲಗಿ ಬಾರಿಸುತ್ತಾರೆ, ಶಿಳ್ಳೆ ಹಾಕುತ್ತಾರೆ, ಗೆದ್ದವನ ಇಂಜಿನ್ನಿಗೆ ಗುಲಾಲು. ಯಂತ್ರ ಓಡುವುದನ್ನು ಒಮ್ಮೆ ಹೀಗೆ ನೋಡಿದವನಿಗೆ, ಹಾರ ಹಾಕಿಸಿಕೊಂಡು ನಿಂತ ಯಂತ್ರ ಸಪ್ಪೆ ಅನಿಸಿದರೆ ತಪ್ಪೇನು?

ದೊಡ್ಡ ನಗರಗಳ ವಾಹನ ಪ್ರದರ್ಶನಗಳಿಗೂ ಈ ಸಪ್ಪೆತನವೇ ಮುಳುವಾಗುತ್ತಿದೆ. ಸ್ವಿಟ್ಜರ್‌ಲೆಂಡಿನ ಜಿನೀವಾದ ಪ್ರದರ್ಶನ 1905ರಷ್ಟು ಹಳೆಯದು. 2020ರಲ್ಲಿ ಕೊರೊನಾ ಕಾರಣಕ್ಕೆ ತೆರೆಯಲು ಕೆಲವೇ ದಿನ ಇರುವಾಗ ರದ್ದಾಯಿತು, 2024ರಲ್ಲಿ ಮರಳಿ ನಡೆಯಿತು, ಅದೇ ವರ್ಷ ಮೇ ಕೊನೆಗೆ ಇನ್ನು ಮುಂದೆ ಜಿನೀವಾದಲ್ಲಿ ನಡೆಸುವುದಿಲ್ಲ ಎಂದು ಸಂಘಟಕರು ಬಾಗಿಲು ಹಾಕಿದರು. ಜರ್ಮನಿಯ ಫ್ರಾಂಕ್‌ಫರ್ಟಿನದು 2021ರಲ್ಲಿ ಮ್ಯೂನಿಕ್ ನಗರಕ್ಕೆ ಹೋಯಿತು. ಅಮೆರಿಕದ ಡೆಟ್ರಾಯಿಟ್ ಜನವರಿ ಬಿಟ್ಟು ಬೇಸಿಗೆ ಅಂದಿತು, ಸೆಪ್ಟೆಂಬರ್ ಅಂದಿತು, 2025ಕ್ಕೆ ಮತ್ತೆ ಜನವರಿಗೆ ಬಂತು. ಟೋಕಿಯೊದ್ದು 2023ರಲ್ಲಿ ಹೆಸರನ್ನೇ ಬದಲಿಸಿಕೊಂಡಿತು. ನಮ್ಮ ದಿಲ್ಲಿಯ ಆಟೊ ಎಕ್ಸ್‌ಪೊ ಶುರುವಾದದ್ದು 1986ರ ಜನವರಿಯಲ್ಲಿ, ಪ್ರಗತಿ ಮೈದಾನದಲ್ಲಿ. ಅಂದರೆ ಧಾರವಾಡದ ವಿಶ್ವವಿದ್ಯಾಲಯಕ್ಕೂ ಅದಕ್ಕೂ ಒಂದೇ ವಯಸ್ಸು. 2008ರ ಜನವರಿ 10ರಂದು ಅಲ್ಲಿ ನ್ಯಾನೊ ಕಾರಿನ ಪರದೆ ಸರಿಸಿದಾಗ ಇಡೀ ಜಗತ್ತು ನೋಡಿತು. 2014ರಲ್ಲಿ ವಾಹನಗಳ ಪ್ರದರ್ಶನ ಗ್ರೇಟರ್ ನೊಯಿಡಾಕ್ಕೆ ಹೋಯಿತು. 2022ರದ್ದು ಮುಂದೆ ಹೋಗಿ 2023ರಲ್ಲಿ ನಡೆದಾಗ ಕೆಲವು ದೊಡ್ಡ ಕಂಪನಿಗಳು ಬರಲೇ ಇಲ್ಲ. 2025ಕ್ಕೆ ಅದನ್ನು ಭಾರತ್ ಮೊಬಿಲಿಟಿ ಎಂಬ ದೊಡ್ಡ ಸರ್ಕಾರಿ ಮೇಳದೊಳಗೆ ಸೇರಿಸಿದರು. ಕಂಪನಿಗಳ ಲೆಕ್ಕ ಸರಳ: ಕೋಟಿಗಟ್ಟಲೆ ಸುರಿದು ಮಳಿಗೆ ಕಟ್ಟುವ ಬದಲು ಸ್ವಂತ ಸಭಾಂಗಣದಲ್ಲಿ ಪರದೆ ಎತ್ತಿ, ಮೊಬೈಲಿನಲ್ಲೇ ತೋರಿಸಿದರೆ ಖರ್ಚೂ ಕಡಿಮೆ, ಪಕ್ಕದಲ್ಲಿ ಪೈಪೋಟಿಯವನೂ ಇಲ್ಲ.

ನಮ್ಮ ಮೇಳಕ್ಕೆ ಜನರ ಬರ ಇಲ್ಲ. ಕೊರೊನಾದ ಬಿಡುವಿನ ನಂತರ 2022ರಲ್ಲಿ ಮೇಳ ಮತ್ತೆ ಕೂಡಿದಾಗ ಬಂದ ಜಾತ್ರೆಯನ್ನು ನೋಡಿದವರು ಬಲ್ಲರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಗುಂಪು ಇನ್ನೂ ದೊಡ್ಡದಾಗಿದೆ. ಮೊದಲೆಲ್ಲ ಯಂತ್ರದ ಸಾಲಿಗೆ ಬಾರದವರು ಈಗ ಕಳೆ ತೆಗೆಯುವ ಸಣ್ಣ ಯಂತ್ರದ ಎದುರು ನಿಂತು, ‘ಭಾರ ಎಷ್ಟ್ ಐತ್ರಿ, ನಮಗ ಎತ್ತಾಕ ಆಗತೈತೇನ್ರಿ?’ ಎಂದು ಕೇಳುತ್ತಾರೆ. ಕಳೆ ತೆಗೆಯುವ ಕೆಲಸ ಯಾರದ್ದೋ ಅವರು ಕೇಳುವ ಪ್ರಶ್ನೆ ಅದು, ಗಂಡಸರಿಗೆ ಹೊಳೆದಿರಲಿಲ್ಲ. ಹಾಗಾದರೆ ತೊಂದರೆ ಎಲ್ಲಿ? ಜನ ಬರುವುದಕ್ಕೂ ಯಂತ್ರ ಮಾರಾಟವಾಗುವುದಕ್ಕೂ ನಂಟು ಸಡಿಲವಾಗುತ್ತಿದೆ. 2025ರ ಮೇಳವನ್ನೇ ನೋಡಿ. ಅದು ನಡೆದದ್ದು ಸೆಪ್ಟೆಂಬರ್ ನಡುವೆ. ಟ್ರ್ಯಾಕ್ಟರಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯುತ್ತದೆ ಎಂದು ಅದೇ ತಿಂಗಳ ಮೊದಲ ವಾರ ಘೋಷಣೆಯಾಗಿತ್ತು, ಜಾರಿಗೆ ಬರುವುದು 22ಕ್ಕೆ. ಮುಂದಿನ ವಾರ ಸೋವಿ ಆಗುವುದನ್ನು ಈ ವಾರ ಯಾರು ಕೊಂಡಾರು? ದರ, ಸಾಲ, ಕಂತು, ಸಬ್ಸಿಡಿ ಎಲ್ಲ ಬೇರೆಲ್ಲೋ ತೀರ್ಮಾನವಾಗುತ್ತವೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 90, ಉಳಿದವರಿಗೆ ಶೇ 50ರ ಸಹಾಯಧನದ ಯಂತ್ರ ಬೇಕಾದವರು ಹೋಗುವುದು ರೈತ ಸಂಪರ್ಕ ಕೇಂದ್ರಕ್ಕೆ. 2014-15ರಿಂದ ಬಂದ ಕೃಷಿ ಯಂತ್ರಧಾರೆಯಲ್ಲಿ ಬಾಡಿಗೆಗೇ ಸಿಗುವಾಗ ಕೊಳ್ಳುವ ಹಟವೂ ಕಡಿಮೆಯಾಗಿದೆ. ಹೊಲಗಳು ಅಣ್ಣತಮ್ಮಂದಿರಲ್ಲಿ ಹಂಚಿ ಹಂಚಿ ಸಣ್ಣದಾಗಿವೆ.

ಯಂತ್ರಗಳ ಕಡೆಯಿಂದಲೂ ಒಂದು ಬದಲಾವಣೆ ಬಂದಿದೆ. ಕಬ್ಬು ಕಡಿಯಲು ಗ್ಯಾಂಗು ಸಿಗದೆ ಹೊಲದಲ್ಲೇ ಕಬ್ಬಿಗೆ ಸೂಲಂಗಿ ಬರುವ ಹೊತ್ತಿನಲ್ಲಿ, ಕಟಾವು ಯಂತ್ರದ ಎದುರು ಜನ ಮುಕುರಿಕೊಳ್ಳುತ್ತಾರೆ. ಅದರ ಬೆಲೆ ಕೋಟಿಯ ಲೆಕ್ಕದಲ್ಲಿ. ಕೊಳ್ಳುವವರು ಕಾರ್ಖಾನೆಯವರು, ಗುತ್ತಿಗೆದಾರರು, ಬೆರಳೆಣಿಕೆಯ ದೊಡ್ಡ ರೈತರು. ಔಷಧಿ ಹೊಡೆಯುವ ಡ್ರೋನ್ ನೋಡಲು ಇನ್ನೂ ಹೆಚ್ಚು ಜನ, ಅದರ ಕೆಳಗೆ ಬಂದ ಗಾಳಿಗೆ ಪಟಗಾ ಹಾರಿಸಿಕೊಂಡು ನಗುವವರೂ ಇದ್ದಾರೆ. ಸೋನಾಲಿಕಾ ಕಂಪನಿ 2020ರ ಡಿಸೆಂಬರ್‌ನಲ್ಲೇ ಬ್ಯಾಟರಿ ಟ್ರ್ಯಾಕ್ಟರ್ ತಂದಿತು. ಹಗಲು ಏಳು ತಾಸು ತ್ರೀ ಫೇಸ್ ಕರೆಂಟಿಗೇ ಪರದಾಡುವ ನಮ್ಮ ಜನ ಅದನ್ನು ನೋಡಿ, ‘ಚಾರ್ಜ್ ಎಲ್ಲಿ ಹಾಕೂದ್ರಿ, ಬಾವಿ ಮೋಟರ್ ಬಿಟ್ಟು?’ ಎಂದು ಮುಂದೆ ನಡೆಯುತ್ತಾರೆ. ಕೊಳ್ಳಲಾಗದ ಯಂತ್ರಗಳ ಪಾಲು ಅಂಗಳದಲ್ಲಿ ಹೆಚ್ಚಾದಷ್ಟೂ ನೋಡುವ ಖುಷಿ ಹೆಚ್ಚುತ್ತದೆ, ಬೆರಳು ಹಾಕಿ ಅಳೆಯುವ ಕೆಲಸ ಕಡಿಮೆಯಾಗುತ್ತದೆ.

ಮರೆಯಬಾರದ ಇನ್ನೊಂದು ಮಾತು, ಕಣ್ಮರೆಯಾದ ಯಂತ್ರಗಳದ್ದು. ಬೆಂಗಳೂರಿನ ಎಚ್‌ಎಂಟಿ ಗಡಿಯಾರಕ್ಕೆ ಹೆಸರಾದಷ್ಟೇ ನಮ್ಮ ಕಡೆ ಟ್ರ್ಯಾಕ್ಟರಿಗೂ ಹೆಸರಾಗಿತ್ತು. 1971ರಿಂದ ಪಿಂಜೋರ್‌ನಲ್ಲಿ ತಯಾರಾಗುತ್ತಿದ್ದ ಅದರ ಟ್ರ್ಯಾಕ್ಟರ್ ಘಟಕವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಇವತ್ತಿಗೂ ಹಳ್ಳಿಗಳಲ್ಲಿ ಅಲ್ಲೊಂದು ಇಲ್ಲೊಂದು ಎಚ್‌ಎಂಟಿ ಓಡುತ್ತಿದೆ, ಬಿಡಿಭಾಗಗಳನ್ನು ಮೆಕ್ಯಾನಿಕ್‌ಗಳು ಎಲ್ಲಿಂದಲೋ ಹುಡುಕಿ, ಲೇತಿನಲ್ಲಿ ಕಡೆದು ಕೂಡಿಸುತ್ತಾರೆ. ಆ ಕೆಲಸ ನೋಡಬೇಕಾದರೆ ಬೈಲಹೊಂಗಲದ ಗ್ಯಾರೇಜುಗಳಿಗೆ ಹೋಗಬೇಕು, ಮೇಳದಲ್ಲಿ ಅದಕ್ಕೊಂದು ಮಳಿಗೆ ಇಲ್ಲ.

ಇರಬೇಕು ಎಂಬುದು ನನ್ನ ವಾದ. ನಲವತ್ತರ ಹೊತ್ತಿಗೆ ವಿಶ್ವವಿದ್ಯಾಲಯ ಯಂತ್ರದ ಅಂಗಳವನ್ನು ಕಂಪನಿಗಳ ಮಳಿಗೆ ಬಾಡಿಗೆಯ ಮೇಲೆ ಮಾತ್ರ ಬಿಟ್ಟರೆ, ಜಿನೀವಾದ ಲೆಕ್ಕ ಧಾರವಾಡಕ್ಕೂ ಒಂದು ದಿನ ಬರುತ್ತದೆ. ಕಂಪನಿಗಳು ಬರುವುದು ತಮಗೆ ಲಾಭ ಇರುವ ತನಕ. ವಿಶ್ವವಿದ್ಯಾಲಯದ ಬಳಿ ಕಂಪನಿಗಳಿಗೆ ಇಲ್ಲದ್ದು ಒಂದಿದೆ: ಹೊಲ. ನೂರಾರು ಎಕರೆ ಹೊಲ, ಅದರಲ್ಲಿ ನಮ್ಮಂಥದೇ ಎರೆ ಮಣ್ಣು. ಒಂದೇ ತಾಕಿನಲ್ಲಿ, ಒಂದೇ ಹದದಲ್ಲಿ, ನಾಲ್ಕು ಕಂಪನಿಗಳ ಪಲ್ಟಿ ನೇಗಿಲು ಒಂದರ ಪಕ್ಕ ಒಂದು ಹೊಡೆಸಿ, ಯಾವುದು ಎಷ್ಟು ಆಳ ಹೋಯಿತು, ಎಷ್ಟು ಡೀಸೆಲ್ ಕುಡಿಯಿತು ಎಂದು ಫಲಕ ಬರೆದು ನಿಲ್ಲಿಸಿದರೆ ಜನ ಹೊತ್ತು ಮುಳುಗಿದರೂ ಅಲ್ಲಿಂದ ಕದಲುವುದಿಲ್ಲ. ಲಕ್ಷ್ಮಣರಾವ್ ಎರಡು ವರ್ಷ ಕಾದದ್ದನ್ನು ಎರಡು ತಾಸಿನಲ್ಲಿ ಮುಗಿಸಬಹುದು. ಬಿಸಿಲಿನಲ್ಲಿ ನಿಂತು ಈ ಲೆಕ್ಕ ಬರೆಯುವ ಕೆಲಸವನ್ನು ಕೃಷಿ ಎಂಜಿನಿಯರಿಂಗ್ ಓದುವ ಮಕ್ಕಳಿಗೇ ಕೊಡಲಿ.

ಹೊಸದರ ಪಕ್ಕದಲ್ಲೇ ಹಳೆಯ ಟ್ರ್ಯಾಕ್ಟರುಗಳಿಗೂ ಒಂದು ಸಾಲು ಬೇಕು. ನಮ್ಮ ನಾಲ್ಕು ತಾಲೂಕಿನಲ್ಲಿ ಮೊದಲ ಸಲ ಟ್ರ್ಯಾಕ್ಟರ್ ಕೊಳ್ಳುವ ಸಣ್ಣ ರೈತ ಹಳೆಯದನ್ನೇ ನೋಡುತ್ತಾನೆ, ದಲಾಲಿಯ ಮಾತಿನ ಮೇಲೆ ಕೊಳ್ಳುತ್ತಾನೆ, ಮೋಸವಾದರೆ ಹಣೆಬರಹ ಎನ್ನುತ್ತಾನೆ. ಇಂಜಿನ್ ಬೋರಾಗಿದೆಯೇ, ಗೇರ್‌ಬಾಕ್ಸ್ ಕೂಗುತ್ತದೆಯೇ, ಹೈಡ್ರಾಲಿಕ್ ಭಾರ ಎತ್ತಿ ಹಿಡಿದು ನಿಲ್ಲುತ್ತದೆಯೇ ಇಲ್ಲ ಮೆಲ್ಲಗೆ ಇಳಿಯುತ್ತದೆಯೇ ಎಂದು ನೋಡಿ ಹೇಳುವ ಮೇಸ್ತ್ರಿಗಳು ನಮ್ಮ ಪೇಟೆಗಳಲ್ಲಿದ್ದಾರೆ. ಅವರನ್ನು ಕರೆದು ಒಂದು ಮಂಟಪ ಕೊಟ್ಟು, ದಿನದ ಪಗಾರ ಕೊಟ್ಟು ಕೂರಿಸಬೇಕು. ಪ್ರತಿ ವರ್ಷ ಶ್ರೇಷ್ಠ ಕೃಷಿಕ, ಶ್ರೇಷ್ಠ ಕೃಷಿ ಮಹಿಳೆ ಪ್ರಶಸ್ತಿ ಕೊಡುವ ವೇದಿಕೆಯ ಮೇಲೆ ಒಬ್ಬ ಟ್ರ್ಯಾಕ್ಟರ್ ಮೇಸ್ತ್ರಿಗೂ ಶಾಲು ಹೊದಿಸಿದರೆ ಚೆಂದ. ಡಬ್ಬಿಗಳ ಬ್ರೇಕು, ಹಿಂದಿನ ಕೆಂಪು ದೀಪ, ಪ್ರತಿಫಲಕಗಳ ಮಾತನ್ನೂ ಅಲ್ಲೇ ಆಡಬಹುದು. ಕಬ್ಬಿನ ಹಂಗಾಮಿನಲ್ಲಿ ದೀಪವಿಲ್ಲದ ಡಬ್ಬಿಗೆ ರಾತ್ರಿ ಬೈಕ್ ಬಡಿದು ಸತ್ತವರ ಸುದ್ದಿ ಓದದ ವರ್ಷ ಇಲ್ಲ. ಮೇಳಕ್ಕೆ ಬಂದ ಪ್ರತಿ ಡಬ್ಬಿಯ ಯಜಮಾನನಿಗೆ ಒಂದು ಜೊತೆ ಕೆಂಪು ಪಟ್ಟಿ ಅಂಟಿಸಿ ಕಳಿಸುವುದಕ್ಕೆ ದೊಡ್ಡ ಖರ್ಚೇನೂ ಬೇಡ.

ಜಾಗ ಎಲ್ಲಿದೆ ಎಂದು ಸಂಘಟಕರು ಕೇಳಬಹುದು. ಸೀರೆ, ಉಪ್ಪಿನಕಾಯಿ, ಪ್ಲಾಸ್ಟಿಕ್ ಆಟಿಕೆಯ ಸಾಲುಗಳನ್ನು ಸ್ವಲ್ಪ ಹಿಂದಕ್ಕೆ ಸರಿಸಿದರೆ ಸಾಕು. ಅವುಗಳಿಗೆ ಕಿತ್ತೂರು ಉತ್ಸವ ಇದೆ, ಯಲ್ಲಮ್ಮನ ಜಾತ್ರೆ ಇದೆ, ವಾರದ ಸಂತೆ ಇದೆ. ಎರಡನೆಯ ಬೆರಳು ಹಾಕಿ ನೋಡಲು ರಾಮದುರ್ಗದ ಯಜಮಾನರಿಗೆ ಬೇರೆ ಅಂಗಳ ಇಲ್ಲ.